ಅಮೇರಿಕನ್ ಮೇಷ್ಟ್ರು, ನಮ್ಮ ಪಂಡಿತ್ರು ಮತ್ತು ಎಂಟು ಜನದ ಕುಣಿತ

ಶಾಲೆ ಸಂಚಿಕೆಗೆ ಹಳೇ ವಿದ್ಯಾರ್ಥಿಗಳ ನೆನಪು ಅಂತ ಏನಾದ್ರೂ ಬರ್ಕೊಡಿ ಸಾರ್ ಅಂತ ಈಗಿನ ಹೆಡ್ ಮೇಡಂ ವಾಟ್ಸಾಪಲ್ಲಿ ಕೇಳಿದಾಗ, ನಮ್ಮ ಬ್ಯಾಚಿನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಗ್ಗೆ ಬರೆಯೋಣ ಅಂದ್ಕೊಂಡಿದ್ದೆ, ಯಾಕಂದ್ರೆ 1970ರಲ್ಲಿ ನಮ್ಮ ಸ್ಕೂಲಿಂದ ಫಸ್ಟ್ ಕ್ಲಾಸ್ ಬಂದೋರು ಬೆರಳೆಣಿಕೆ, ಅದ್ರಲ್ಲಿ ನಾನೂ ಒಬ್ಬ, ಹೇಳ್ಕೋಬಾರ್ದು ಆದ್ರೂ ದಾಖಲೆಗೆ ಇರ್ಲಿ. ಅಷ್ಟರಲ್ಲಿ ಕೊಲರಾಡೋಯಿಂದ ಅಮೇರಿಕನ್ ಮೇಷ್ಟ್ರ ಮಗಳ ಮೇಲ್ ಬಂತು, ಅಪ್ಪ ಹೋದ್ರು, ಎಂಬತ್ತಾಗಿತ್ತು, ಹಿಂದಿನ ಶುಕ್ರವಾರದವರೆಗೂ ಕುಣಿತದ ಹಾಲಿಗೆ ಹೋಗಿ, ಕುಣಿಯೋರಿಗೆ ಹೆಜ್ಜೆ ಕೂಗಿ ಬಂದಿದ್ರು ಅಂತ. ಇನ್ನು ರಿಸಲ್ಟ್ ವಿಷ್ಯ ಬರೆಯೋ ಮನಸ್ಸೇ ಬರಲಿಲ್ಲ.

ಈಗಿನ ಮಕ್ಕಳಿಗೆ ನಮ್ಮೂರಿಗೂ ಅಮೇರಿಕಕ್ಕೂ ಏನು ಸಂಬಂಧ ಅನ್ಸುತ್ತೆ. ಆಗ ಪೀಸ್ ಕೋರ್ ಅಂತ ಇತ್ತು, 1961ರಲ್ಲಿ ಕೆನಡಿ ಶುರು ಮಾಡಿದ್ದು, ಕಾಲೇಜು ಮುಗಿಸಿದ ಹುಡುಗ ಹುಡುಗೀರನ್ನ ಎರಡೆರಡು ವರ್ಷಕ್ಕೆ ಬೇರೆ ಬೇರೆ ದೇಶಕ್ಕೆ ಕಳಿಸ್ತಿದ್ರು, ನಮ್ಮ ಮೈಸೂರು ರಾಜ್ಯಕ್ಕೂ ಬಂದಿದ್ರು, ಕೆಲವರು ಕೋಳಿ ಸಾಕೋದು ಹೇಳ್ಕೊಡೋಕೆ, ಕೆಲವರು ಪಾಠ ಮಾಡೋಕೆ. 1976ಕ್ಕೆ ಇಂಡಿಯಾದಲ್ಲಿ ಅದು ಬಂದ್ ಆಯ್ತು. ನಮ್ಮ ಸ್ಕೂಲಿಗೆ ಬಂದೋರು ಸೈನ್ಸ್ ಮೇಷ್ಟ್ರು, 1967ರಲ್ಲಿ, ಇಪ್ಪತ್ತೆರಡು ವರ್ಷದ ಹುಡುಗ ಅಂತ ಈಗ ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ, ಆವಾಗ ನಮಗೆ ಅವ್ರು ದೊಡ್ಡ ಮನುಷ್ಯರೇ. ಟ್ರೈನಿಂಗಲ್ಲೇ ಕನ್ನಡ ಕಲಿತು ಬಂದಿದ್ರು, ಬಸ್ ಇಳಿದವರೇ ಸ್ಟ್ಯಾಂಡ್ ಪಕ್ಕದ ಹೋಟ್ಲಲ್ಲಿ 'ನನಗೆ ಹಸಿವಾಗಿದೆ, ದಯವಿಟ್ಟು ಭೋಜನ ನೀಡುವಿರಾ' ಅಂದ್ರಂತೆ, ಮಾಣಿ ಕಕ್ಕಾಬಿಕ್ಕಿ. ಆರು ತಿಂಗಳಲ್ಲಿ 'ಏನ್ಲಾ, ಊಟ ಆಯ್ತೇನ್ಲಾ' ಅನ್ನೋ ಮಟ್ಟಕ್ಕೆ ನಾವು ತಂದ್ವಿ. ಅದೇ ಹೋಟ್ಲಲ್ಲಿ ಬೆಳಗ್ಗೆ ಪೇಪರ್ ಓದೋ ಗುಂಪೊಂದು ಇವ್ರು ಸಿಐಎ ಗೂಢಚಾರ ಅಂತ ತೀರ್ಮಾನ ಮಾಡಿಬಿಟ್ಟಿತ್ತು. ನಮ್ಮೂರಲ್ಲಿ ಗುಟ್ಟು ಅಂತ ಇದ್ದಿದ್ದು ರೇಷನ್ ಅಂಗಡಿ ಸಕ್ಕರೆ ಎಲ್ಲಿಗೆ ಹೋಗುತ್ತೆ ಅನ್ನೋದೊಂದೇ, ಅದನ್ನ ತಿಳ್ಕೊಂಡು ವಾಷಿಂಗ್ಟನ್ ಏನು ಮಾಡ್ತಿತ್ತೋ.

ಅವ್ರು ಹೇಳ್ಕೊಟ್ಟ ಸೈನ್ಸು ನನಗೆ ಒಂದಕ್ಷರ ನೆನಪಿಲ್ಲ. ನೆನಪಿರೋದು ಕುಣಿತ.

ಸ್ಕ್ವೇರ್ ಡ್ಯಾನ್ಸ್ ಅಂತ ಅದರ ಹೆಸರು. ನಾಲ್ಕು ಜೋಡಿ, ಎಂಟು ಜನ, ಚೌಕದ ಒಂದೊಂದು ಬದಿಗೆ ಒಂದೊಂದು ಜೋಡಿ ಮಧ್ಯಕ್ಕೆ ಮುಖ ಮಾಡಿ ನಿಲ್ಬೇಕು, ಹೆಂಗಸು ಗಂಡಸಿನ ಬಲಕ್ಕೆ. ಕೂಗೋರು ಅಂತ ಒಬ್ರು ಇರ್ತಾರೆ, ಅವ್ರಿಗೆ ಕಾಲರ್ ಅಂತಾರೆ, ಅವ್ರು ಮೈಕ್ ಹಿಡ್ಕೊಂಡು ಹಾಡಿನ ತಾಳಕ್ಕೆ ಈಗ ಇದು ಮಾಡಿ, ಈಗ ಅದು ಮಾಡಿ ಅಂತ ಕೂಗ್ತಾ ಹೋಗ್ತಾರೆ, ಮುಂದೇನು ಕೂಗ್ತಾರೆ ಅಂತ ಕುಣಿಯೋರಿಗೆ ಗೊತ್ತಿರಲ್ಲ. ಮಜಾ ಇರೋದೇ ಅಲ್ಲಿ. ಬಾಯಿಪಾಠ ಮಾಡ್ಕೊಂಡು ಬಂದು ಕುಣಿಯೋಕಾಗಲ್ಲ, ಕಿವಿ ಕೊಟ್ಟು ಕೇಳ್ತಾ ಇರ್ಬೇಕು, ಎಂಟರಲ್ಲಿ ಒಬ್ಬ ಕೇಳಿಸ್ಕೊಳ್ಳದಿದ್ರೂ ಎತ್ತು ಏರಿಗೆ ಕೋಣ ನೀರಿಗೆ. ತಪ್ಪಿದ್ರೆ ಯಾರನ್ನೂ ಬೈಯೋ ಹಾಗಿಲ್ಲ, ಶುರುವಲ್ಲಿ ನಿಂತಿದ್ದ ಜಾಗಕ್ಕೆ ವಾಪಸ್ ಹೋಗಿ ನಿಂತ್ರೆ ಮುಂದಿನ ಕೂಗಿಗೆ ಮತ್ತೆ ಸೇರ್ಕೋಬಹುದು. ಆ ಜಾಗಕ್ಕೆ ಅವ್ರಲ್ಲಿ ಮನೆ ಅಂತಾನೇ ಹೇಳೋದು. ಮೊದಲ ದಿನ ಮೇಷ್ಟ್ರು 'ಎಲ್ಲರೂ ಮನೆಗೆ ಹೋಗಿ' ಅಂದಿದ್ದೇ ತಡ, ನಮ್ಮ ಶಾನುಭೋಗರ ಮಗ ಬ್ಯಾಗ್ ಎತ್ಕೊಂಡು ಓಟ, ಅವನ ಹಿಂದೆ ಅರ್ಧ ಕ್ಲಾಸು. ಅರ್ಥ ಆಗದೆ ಏನಲ್ಲ, ಚೆನ್ನಾಗೇ ಅರ್ಥ ಆಗಿತ್ತು. ಮೇಷ್ಟ್ರು ಸೈಕಲ್ ತಗೊಂಡು ಬಂದು ಕೆರೆ ಏರಿ ಮೇಲೆ ಹಿಡಿದ್ರು.

ಅವರಿಗೆ ಈ ಹುಚ್ಚು ಹತ್ತಿದ್ದು ಅವ್ರ ಸ್ಕೂಲಲ್ಲೇ. ಕೊಲರಾಡೋ ಸ್ಪ್ರಿಂಗ್ಸಲ್ಲಿ ಲಾಯ್ಡ್ ಶಾ ಅಂತ ಒಬ್ರು ಇದ್ರು, ಅವ್ರೂ ಸ್ಕೂಲಿನೋರೇ, ಚೆಯೆನ್ ಮೌಂಟನ್ ಸ್ಕೂಲಿನ ಸೂಪರಿಂಟೆಂಡೆಂಟು. ಹಳ್ಳಿ ಕಡೆ ಉಳ್ಕೊಂಡಿದ್ದ ಹಳೇ ಕುಣಿತಗಳನ್ನ ಹುಡುಕಿ ಕಲೆ ಹಾಕಿ 1939ರಲ್ಲಿ ಪುಸ್ತಕ ಮಾಡಿದ್ರು, ತಮ್ಮ ಸ್ಕೂಲ್ ಮಕ್ಕಳನ್ನೇ ಕಟ್ಕೊಂಡು ಅಮೇರಿಕಾ ಎಲ್ಲಾ ಸುತ್ತಿ ಕುಣಿಸಿದ್ರು, ಬೇಸಿಗೆಯಲ್ಲಿ ಮೇಷ್ಟ್ರುಗಳಿಗೆ ಕ್ಲಾಸ್ ಮಾಡ್ತಿದ್ರು. ಆ ಬೇಸಿಗೆ ಕ್ಲಾಸಿಗೆ ಹೋಗಿ ಬಂದಿದ್ದ ಪಿಟಿ ಟೀಚರ್ ನಮ್ಮ ಮೇಷ್ಟ್ರಿಗೆ ಕಲಿಸಿದ್ದು. ಅಂದ್ರೆ ಲೆಕ್ಕಕ್ಕೆ ನಾವು ಲಾಯ್ಡ್ ಶಾ ಶಿಷ್ಯರ ಶಿಷ್ಯರ ಶಿಷ್ಯರು, ಈ ವಿಷ್ಯ ಅಲ್ಲಿನವರಿಗೆ ಹೇಳಿದ್ರೆ ಎದ್ದು ನಿಂತು ಕೈ ಕುಲುಕ್ತಾರೆ, ನನಗೇ ಆಗಿದೆ.

ಈಗ ಕಷ್ಟ ಬಂದಿದ್ದು ಜೋಡಿ ವಿಷ್ಯಕ್ಕೆ. ನಮ್ಮದು ಹೆಣ್ಮಕ್ಕಳೂ ಇದ್ದ ಸ್ಕೂಲು, ಆದ್ರೆ ಅವರ ಬೆಂಚಿಗೂ ನಮ್ಮ ಬೆಂಚಿಗೂ ಮಧ್ಯೆ ಒಂದು ಗಾಡಿ ಹೋಗೋಷ್ಟು ಜಾಗ. ಕೈ ಹಿಡಿದು ಕುಣಿಯೋದು ಅಂದ ತಕ್ಷಣ ಹೆಡ್ ಮಾಸ್ಟ್ರು ಕನ್ನಡಕ ತೆಗೆದು ಟೇಬಲ್ ಮೇಲಿಟ್ಟು 'ನನ್ನ ಪೆನ್ಷನ್ನಿಗೆ ಇನ್ನು ಎರಡು ವರ್ಷ ಇದೆ' ಅಂದ್ರಂತೆ. ಹಾಗಾಗಿ ಮೊದಲ ವರ್ಷ ಎಂಟೂ ಜನ ಹುಡುಗ್ರೇ, ನಾಲ್ಕು ಜನ ತಲೆಗೆ ಟವಲ್ ಕಟ್ಕೊಂಡು ಹೆಂಗಸರು. ನಾನು ಟವಲ್ ಪಾರ್ಟಿ ಅಲ್ಲ ಅಂತ ಇಲ್ಲಿ ಸ್ಪಷ್ಟಪಡಿಸ್ತೀನಿ. ನನಗಿದ್ದ ಕೆಲ್ಸ ಬೇರೆ, ಮೇಷ್ಟ್ರು ಇಂಗ್ಲಿಷಲ್ಲಿ ಕೂಗಿದ್ದನ್ನ ಅದೇ ತಾಳದಲ್ಲಿ ಕನ್ನಡದಲ್ಲಿ ಕೂಗೋದು. ಮುಂದೆ ಬ್ಯಾಂಕ್ ಯೂನಿಯನ್ನಲ್ಲಿ ಮೈಕಿಲ್ಲದೆ ಗೇಟ್ ಮೀಟಿಂಗ್ ಮಾಡಿದ ಗಂಟಲು ತಯಾರಾಗಿದ್ದೇ ಅಲ್ಲಿ.

ಇನ್ನೊಬ್ಬರ ಬಗ್ಗೆ ಹೇಳ್ದೆ ಈ ಕಥೆ ಮುಂದಕ್ಕೆ ಹೋಗಲ್ಲ, ನಮ್ಮ ಕನ್ನಡ ಪಂಡಿತ್ರು. ಕಚ್ಚೆಪಂಚೆ, ಕರಿಕೋಟು, ನಶ್ಯ. ಸಂಧಿ ಸಮಾಸ ತಪ್ಪಿದ್ರೆ ಕಿವಿ ಹಿಂಡ್ತಿದ್ದ ಆ ಮನುಷ್ಯ ತಮ್ಮೂರಲ್ಲಿ ಕೋಲಾಟದ ತಂಡ ಕಟ್ಕೊಂಡಿದ್ರು ಅನ್ನೋದು ನಮಗ್ಯಾರಿಗೂ ಗೊತ್ತಿರಲಿಲ್ಲ. ಮೊದಲ ವಾರ ಸ್ಟಾಫ್ ರೂಂ ಬಾಗಿಲಲ್ಲಿ ನಿಂತು ನಶ್ಯ ಏರಿಸ್ತಾ ನೋಡಿದ್ರು, 'ಕೋಲಿಲ್ಲದ ಕೋಲಾಟ, ಉಪ್ಪಿಲ್ಲದ ಊಟ' ಅಂತ ಅಂದು ಒಳಗೆ ಹೋದ್ರು. ಎರಡನೇ ವಾರ ಮೆಟ್ಲು ಇಳಿದು ಬಂದ್ರು. ಆವತ್ತು ಮೇಷ್ಟ್ರು ರೈಟ್ ಅಂಡ್ ಲೆಫ್ಟ್ ಗ್ರಾಂಡ್ ಅನ್ನೋದನ್ನ ಹೇಳ್ಕೊಡ್ತಿದ್ರು, ಅದ್ರಲ್ಲಿ ನಾಲ್ಕು ಜನ ಆ ಕಡೆಯಿಂದ ನಾಲ್ಕು ಜನ ಈ ಕಡೆಯಿಂದ ವೃತ್ತದಲ್ಲಿ ಎದುರುಬದುರಾಗಿ ಹೊರಟು, ಮೊದಲು ಸಿಕ್ಕೋರಿಗೆ ಬಲಗೈ ಕೊಟ್ಟು ದಾಟಿ, ಆಮೇಲೆ ಸಿಕ್ಕೋರಿಗೆ ಎಡಗೈ ಕೊಟ್ಟು ದಾಟಿ, ಹೀಗೇ ಒಳಗೆ ಹೊರಗೆ ನುಸುಳ್ಕೊಂಡು ಹೋಗೋದು. ಪಂಡಿತ್ರು ಜೋರಾಗಿ ಚಪ್ಪಾಳೆ ಹೊಡೆದು ನಿಲ್ಲಿಸಿದ್ರು. 'ರೀ, ಇದು ನಮ್ಮ ಜಡೆ ಕೋಲಾಟದ ನಡೆ ಕಣ್ರೀ!'

ಅದು ನಿಜಾನೇ. ಜಡೆ ಕೋಲಾಟ ನೋಡಿದೋರಿಗೆ ಗೊತ್ತಿರುತ್ತೆ, ಮೇಲಿಂದ ಬಣ್ಣ ಬಣ್ಣದ ಹಗ್ಗ ಇಳಿಬಿಟ್ಟಿರ್ತಾರೆ, ಒಬ್ಬೊಬ್ರೂ ಒಂದೊಂದು ಹಗ್ಗ ಹಿಡ್ಕೊಂಡು ಹೀಗೇ ಒಬ್ರ ಬಲಕ್ಕೆ ಇನ್ನೊಬ್ರ ಎಡಕ್ಕೆ ನುಸುಳ್ತಾ ಹೋದ್ರೆ ಮೇಲೆ ಜಡೆ ಹೆಣೆದುಕೊಳ್ಳುತ್ತೆ, ತಿರುಗಿ ಬಂದ್ರೆ ಬಿಚ್ಚಿಕೊಳ್ಳುತ್ತೆ. ಮುಂದಿನ ಶನಿವಾರ ಪಂಡಿತ್ರು ಹಗ್ಗದ ಗಂಟು ಹೊತ್ಕೊಂಡು ಬಂದು ಸ್ಕೂಲ್ ಮುಂದಿನ ಹುಣಸೆ ಮರಕ್ಕೆ ಕಟ್ಟೇಬಿಟ್ರು. ಅಮೇರಿಕನ್ ಮೇಷ್ಟ್ರು ಲುಂಗಿ ಮೇಲಕ್ಕೆ ಕಟ್ಟಿ ಕೆಂಪು ಹಗ್ಗ ಹಿಡ್ಕೊಂಡ್ರು, ಮೂರನೇ ಸುತ್ತಿಗೇ ತಪ್ಪಿ ಎಲ್ಲರ ಹಗ್ಗಾನೂ ಸಿಕ್ಕು ಮಾಡಿ ಹಾಕಿದ್ರು, ಪಂಡಿತ್ರು ಸಿಕ್ಕು ಬಿಡಿಸ್ತಾ ಬಿಡಿಸ್ತಾ ಬೈದಿದ್ದು ಅಚ್ಚಗನ್ನಡದಲ್ಲಿ, ಅದನ್ನ ಇಲ್ಲಿ ಬರೆಯೋ ಹಾಗಿಲ್ಲ.

ಕೂಗನ್ನ ಕನ್ನಡದಲ್ಲಿ ಪದ ಕಟ್ಟಿ ಕೊಟ್ಟಿದ್ದೂ ಪಂಡಿತ್ರೇ. ನಾನು ಮೊದಲು ಒಣ ಒಣವಾಗಿ ಕೂಗ್ತಿದ್ದೆ, ಅವ್ರು ಕೇಳಲಾರದೆ ಬರ್ಕೊಟ್ರು:

ಮೂಲೆಯವಳಿಗೆ ಎಡಗೈ ನೀಡು, ನಿನ್ನವಳಿಗೆ ಬಲಗೈ ನೀಡು
ಒಬ್ಬರ ಬಿಟ್ಟು ಒಬ್ಬರ ಹಿಡಿದು ಸುತ್ತಿ ಬಂದು ಮನೆಯ ಸೇರು

ಮೂಲೆಯವಳು ಅಂದ್ರೆ ಗಂಡಸಿನ ಎಡಕ್ಕೆ ಪಕ್ಕದ ಜೋಡೀಲಿ ಇರೋಳು.

ಸ್ಕೂಲ್ ಡೇ ದಿನ ತಹಶೀಲ್ದಾರ್ ಚೀಫ್ ಗೆಸ್ಟು. ಮೈಕು, ರೆಕಾರ್ಡ್ ಪ್ಲೇಯರ್ರು ಸ್ಟೇಜ್ ಮೇಲೆ ಅವರ ಕುರ್ಚಿ ಪಕ್ಕಾನೇ, ನಮ್ಮ ಚೌಕ ಕೆಳಗೆ ಮೈದಾನದಲ್ಲಿ. ಈ ಕುಣಿತದಲ್ಲಿ ಮೊದಲನೇ ಜೋಡಿ ಯಾವಾಗ್ಲೂ ಕೂಗೋರಿಗೆ ಬೆನ್ನು ಹಾಕಿ ನಿಲ್ಬೇಕು, ಅದು ನಿಯಮ. ಅಂದ್ರೆ ತಹಶೀಲ್ದಾರ್ರಿಗೂ ಬೆನ್ನೇ. ಹೆಡ್ ಮಾಸ್ಟ್ರು ಸ್ಟೇಜ್ ಮೇಲಿಂದ 'ತಿರುಗ್ರೋ, ತಿರುಗ್ರೋ' ಅಂತ ಕೈಸನ್ನೆ ಮಾಡ್ತಾರೆ, ಅವ್ರು ತಿರುಗಿದ್ರೆ ಚೌಕ ಕೆಡುತ್ತೆ, ಕೊನೆಗೆ ಪಂಡಿತ್ರು 'ಮೊದಲು ತಿರುಗಿ ನಮಸ್ಕಾರ ಮಾಡಿ, ಆಮೇಲೆ ಬೆನ್ನು ಹಾಕಿ, ಶಾಸ್ತ್ರೋಕ್ತ' ಅಂತ ಬಗೆಹರಿಸಿದ್ರು. ಹಾಡು ಶುರುವಾಯ್ತು. ಆ ಕಾಲದ ಈ ಕುಣಿತದ ಪ್ಲೇಟುಗಳು, ಅಂದ್ರೆ ಹಾಡಿನ ರೆಕಾರ್ಡುಗಳು, ಚಿಕ್ಕವು, ನಿಮಿಷಕ್ಕೆ 45 ಸುತ್ತಿನ ಸ್ಪೀಡಲ್ಲಿ ಓಡೋವು, ಒಂದು ಕಡೆ ಕೂಗಿನ ಸಮೇತ ಹಾಡು, ಇನ್ನೊಂದು ಕಡೆ ಬರೀ ವಾದ್ಯ, ನಮ್ಮಂಥೋರು ಕೂಗೋಕೆ. ಶಾನುಭೋಗರ ಮಗನನ್ನ ಪ್ಲೇಯರ್ ಕಾಯೋಕೆ ಕೂರಿಸಿದ್ದು ಯಾರ ಬುದ್ಧಿಯೋ ಗೊತ್ತಿಲ್ಲ, ಎಲ್ಲಾ ರಂಗೇರಿದ ಹೊತ್ತಿಗೆ ಅವನು ಸ್ಪೀಡಿನ ಗುಬ್ಬಿನ 45ರಿಂದ 78ಕ್ಕೆ ತಿರುಗಿಸಿಬಿಟ್ಟ. ಮಾಮೂಲಿಗೆ ನಿಮಿಷಕ್ಕೆ ನೂರಿಪ್ಪತ್ತು ಚಿಲ್ಲರೆ ಹೆಜ್ಜೆ ಬೀಳೋ ಕುಣಿತ, ಗುಣಿಸಿ ನೋಡಿ, ಇನ್ನೂರು ದಾಟುತ್ತೆ. ಪಿಟೀಲು ಅಳಿಲಿನ ಥರ ಕಿಚಕಿಚ ಅನ್ನೋಕೆ ಶುರುವಾಯ್ತು.

ಬೇರೆ ಯಾವ ಮೇಷ್ಟ್ರಾಗಿದ್ರೂ ಪ್ಲೇಯರ್ ಆಫ್ ಮಾಡಿ ಅವನಿಗೆ ನಾಲ್ಕು ಬಿಗೀತಿದ್ರು. ಇವ್ರು ಒಂದು ಸಲ ಪ್ಲೇಯರ್ ಕಡೆ ನೋಡಿದ್ರು, ಒಂದು ಸಲ ನಮ್ಮ ಕಡೆ, ಕಣ್ಣಲ್ಲಿ ನಗು ತುಂಬ್ಕೊಂಡು ಅದೇ ಸ್ಪೀಡಲ್ಲಿ ಕೂಗೋಕೆ ಶುರು ಮಾಡಿದ್ರು. ಅವರ ಹಿಂದೇನೇ ನಾನು ಕನ್ನಡದಲ್ಲಿ, ನಾಲಿಗೆ ಹೊರಳಿದ್ದು ಹೇಗೋ ಆ ದೇವ್ರಿಗೇ ಗೊತ್ತು. ಕೆಳಗೆ ಹುಡುಗರು ದಿಕ್ಕಾಪಾಲು, ಒಬ್ಬನ ಟವಲ್ ಬಿಚ್ಕೊಂಡು ಇನ್ನೊಬ್ಬನ ಕಾಲಿಗೆ ಸಿಕ್ಕಿ ಅವನು ಬಿದ್ದು, ಅವನ ಮೇಲೆ ಮೂರನೇ ಜೋಡಿ ಬಿದ್ದು, ಧೂಳೋ ಧೂಳು, ನಾಲ್ಕನೇ ಜೋಡಿ ಮಾತ್ರ ತಮ್ಮ ಮನೇಲಿ ಹೋಗಿ ಅಟೆನ್ಷನ್ನಲ್ಲಿ ನಿಂತಿತ್ತು. ಬೆನ್ನು ಹಾಕಿಸ್ಕೊಂಡಿದ್ದ ತಹಶೀಲ್ದಾರ್ರು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕು ಒನ್ಸ್ ಮೋರ್ ಅಂದ್ರು. ಮಾರನೇ ದಿನ ಮೇಷ್ಟ್ರು ಶಾನುಭೋಗರ ಮಗನಿಗೆ ಕೊಟ್ಟ ಶಿಕ್ಷೆ ಏನು ಗೊತ್ತಾ, ಮುಂದಿನ ಒಂದು ತಿಂಗಳು ಅವನೇ ಕೂಗ್ಬೇಕು. ಅವನಿಗೆ ಬಾಯಿ ಬರಲ್ಲ, ತೊದಲ್ತಿದ್ದ, ಅದಕ್ಕೇ ಕೀಟಲೆ ಮಾಡ್ತಿದ್ದಿದ್ದು ಅಂತ ನಮಗೆ ಆಮೇಲೆ ಹೊಳೀತು, ಮೇಷ್ಟ್ರಿಗೆ ಆವತ್ತೇ ಹೊಳೆದಿತ್ತು. ತಾಳಕ್ಕೆ ಕೂಗುವಾಗ ಅವನು ತೊದಲ್ತಾನೇ ಇರಲಿಲ್ಲ.

ಎರಡನೇ ವರ್ಷ ಹೆಣ್ಮಕ್ಕಳೂ ಸೇರಿದ್ರು. ಅದೂ ಪಂಡಿತರ ತಲೆ, ಕೈ ಬೇಡ, ಕೋಲಾಟದ ಕೋಲು ಕೊಡ್ತೀನಿ, ಒಂದು ತುದಿ ಹುಡುಗ ಹಿಡೀಲಿ ಒಂದು ತುದಿ ಹುಡುಗಿ ಹಿಡೀಲಿ. ಹೆಡ್ ಮಾಸ್ಟ್ರಿಗೆ ಅದ್ರಲ್ಲಿ ತಪ್ಪು ಹುಡುಕೋಕಾಗಲಿಲ್ಲ. 1969ರಲ್ಲಿ ಮೇಷ್ಟ್ರು ವಾಪಸ್ ಹೋಗುವಾಗ ಪಂಡಿತ್ರು ಒಂದು ಜೊತೆ ಕೋಲು ಕೊಟ್ಟು ಕಳಿಸಿದ್ರು.

ಆಮೇಲೆ ಕಾಗದ ಬರ್ತಿತ್ತು, ನಿಂತೋಯ್ತು, ನಾನು ಬ್ಯಾಂಕು, ಪ್ರಮೋಷನ್ನು, ಟ್ರಾನ್ಸ್‌ಫರ್ರು ಅಂತ ಊರೂರು ಸುತ್ತಿ ಸೀನಿಯರ್ ಮ್ಯಾನೇಜರ್ ಆಗಿ ರಿಟೈರಾದೆ. 2011ರಲ್ಲಿ ಮಗಳ ಮನೆ ಅಂತ ಡೆನ್ವರಿಗೆ ಹೋದಾಗ ಅಳಿಯ ಇಂಟರ್‌ನೆಟ್ಟಲ್ಲಿ ಹುಡುಕಿ ಕೊಟ್ಟ. ಒಂದು ಗಂಟೆ ದಾರಿ ಅಷ್ಟೇ. ಫೋನ್ ಮಾಡಿ ಹೆಸರು ಹೇಳಿದೆ, ಆ ಕಡೆಯಿಂದ 'ಏನ್ಲಾ, ಊಟ ಆಯ್ತೇನ್ಲಾ' ಅಂದ್ರು. ನಲವತ್ತು ವರ್ಷದ ಮೇಲೆ. ನಾನು ಅರವತ್ತರ ಹತ್ತಿರದ ಮನುಷ್ಯ, ಮಗಳು ಅಳಿಯನ ಎದುರಿಗೆ ಗಟ್ಟಿಯಾಗಿ ಅತ್ತುಬಿಟ್ಟೆ.

ಅವ್ರೂ ಹೈಸ್ಕೂಲಲ್ಲೇ ಸೈನ್ಸ್ ಹೇಳಿ ರಿಟೈರಾಗಿದ್ರು. ಆದ್ರೆ ಅದು ಹಗಲಿನ ಕೆಲ್ಸ, ಸಂಜೆ ಪೂರ್ತಿ ಸ್ಕ್ವೇರ್ ಡ್ಯಾನ್ಸು, ರಿಟೈರಾದ ಮೇಲೆ ಹಗಲೂ ಅದೇ. ಶುಕ್ರವಾರ ಸಂಜೆ ಕರ್ಕೊಂಡು ಹೋದ್ರು, ಚರ್ಚಿನ ಹಾಲು, ಮರದ ನೆಲ. ಗಂಡಸರೆಲ್ಲ ತುಂಬು ತೋಳಿನ ಶರ್ಟು, ಬೆವರಿದ ಕೈ ಇನ್ನೊಬ್ರಿಗೆ ತಾಗಬಾರ್ದು ಅಂತ ಅದೊಂದು ಮರ್ಯಾದೆ, ಹೆಂಗಸರು ಒಳಗೆ ನೆರಿಗೆ ನೆರಿಗೆ ಪೆಟಿಕೋಟ್ ಹಾಕಿದ ಅಗಲ ಲಂಗ. ಕುಡಿತ ಇಲ್ಲವೇ ಇಲ್ಲ, ಬಿಸ್ಕತ್ತು ಜ್ಯೂಸು ಅಷ್ಟೇ. ಹೆಚ್ಚಿನವ್ರು ನನ್ನ ವಯಸ್ಸಿನೋರು, ಇಲ್ಲಾ ನನಗಿಂತ ದೊಡ್ಡವ್ರು, ಮಂಡಿಗೆ ಪಟ್ಟಿ ಕಟ್ಕೊಂಡು ಬಂದಿದ್ರು.

ಮೇಷ್ಟ್ರು ಅದೇ ಸಂಕಟ ಹೇಳ್ಕೊಂಡ್ರು. ಅವರ ಚಿಕ್ಕಂದಿನಲ್ಲಿ ಅಲ್ಲಿ ಊರೂರಲ್ಲೂ ಇದು ಇತ್ತಂತೆ, 1952ರಿಂದ ವರ್ಷಕ್ಕೊಂದು ರಾಷ್ಟ್ರೀಯ ಸಮ್ಮೇಳನ ನಡೀತಾ ಇದೆ, ಹಿಂದೆ ಸಾವಿರಾರು ಜನ ಸೇರ್ತಿದ್ರು. 1974ರಲ್ಲಿ ಕೂಗೋರದೇ ಕಾಲರ್‌ಲ್ಯಾಬ್ ಅಂತ ಸಂಘ ಆಯ್ತು, ಯಾವ ಕೂಗಿಗೆ ಏನು ಮಾಡ್ಬೇಕು ಅಂತ ಒಂದೇ ಪಾಠಪಟ್ಟಿ ಮಾಡಿದ್ರು, ಅದ್ರಿಂದ ಜಪಾನಿನೋರು ಜರ್ಮನಿಯೋರು ಬಂದ್ರೂ ನೇರ ಚೌಕಕ್ಕೆ ನಿಂತು ಕುಣಿಯಬಹುದು, ಎಲ್ಲಾ ಕಡೆ ಕೂಗು ಇಂಗ್ಲಿಷಲ್ಲೇ. ಆದ್ರೆ ಪಟ್ಟಿ ಉದ್ದ ಆಯ್ತು, ಮೇನ್‌ಸ್ಟ್ರೀಮ್ ಅಂತ ಸಾಮಾನ್ಯ ಕುಣಿತಕ್ಕೆ ಬೇಕಾದ ಮಟ್ಟ ಮುಟ್ಟೋಕೇ ಎಪ್ಪತ್ತರ ಆಸುಪಾಸು ಕೂಗು ಕಲೀಬೇಕು, ತಿಂಗಳುಗಟ್ಟಲೆ ಬೇಕು, ಹೊಸಬ್ರು ಮಧ್ಯದಲ್ಲೇ ಬಿಟ್ಟು ಹೋಗ್ತಾರೆ. 'ನಾವೇ ಹೊಸ್ತಿಲು ಎತ್ತರ ಮಾಡ್ಕೊಂಡ್ವಿ' ಅಂದ್ರು. ಹಾಗಂತ ಸುಮ್ಮನೆ ಕೂರೋ ಪೈಕಿ ಅಲ್ಲ. ಪ್ರತಿ ಸೆಪ್ಟೆಂಬರಿಗೆ ಹೊಸಬರ ಕ್ಲಾಸು, ಎಂಟಕ್ಕೆ ಒಬ್ರು ಕಮ್ಮಿ ಬಿದ್ರೆ ಹೆಂಡ್ತೀನ ನಿಲ್ಲಿಸೋದು, ಇಬ್ರು ಕಮ್ಮಿಯಾದ್ರೆ ಪಕ್ಕದ ಮನೆ ಬಾಗಿಲು ತಟ್ಟೋದು, ಹಿಮ ಬೀಳ್ತಿದ್ರೂ ಕಾರ್ ತಗೊಂಡು ಹೋಗೋದು. ಒಂದು ವೃದ್ಧಾಶ್ರಮದಲ್ಲಿ ಗಾಲಿಕುರ್ಚಿಯವರ ಚೌಕ ಕಟ್ಟಿದ್ರು, ನಾನೇ ನೋಡಿದೆ, ಒಬ್ಬಜ್ಜಿಗೆ ಮಗಳ ಹೆಸರು ಮರೆತುಹೋಗಿತ್ತು, ಎಡಗೈ ಅಂತ ಕೂಗಿದ ತಕ್ಷಣ ಕರೆಕ್ಟಾಗಿ ಮೂಲೆಯವರ ಕಡೆ ಎಡಗೈ ಚಾಚ್ತಿದ್ರು.

ಆ ಶುಕ್ರವಾರ ನನ್ನನ್ನೂ ಎಳೆದು ನಿಲ್ಲಿಸಿದ್ರು. ಬರಲ್ಲ ಸಾರ್ ಮರೆತೋಗಿದೆ ಅಂದೆ. ಮೈಕಲ್ಲಿ ಕೊಲರಾಡೋ ಜನಕ್ಕೆಲ್ಲ 'ಇವನು ನನ್ನ ಕನ್ನಡ ದನಿ' ಅಂತ ಪರಿಚಯ ಮಾಡ್ಸಿ, ಪ್ಲೇಟ್ ಹಾಕಿ, ಪಂಡಿತರ ಪದ ಹಾಡಿದ್ರು, ಮೂಲೆಯವಳಿಗೆ ಎಡಗೈ ನೀಡು. ಹಾಲಲ್ಲಿ ಅರ್ಥ ಆಗಿದ್ದು ನನಗೊಬ್ಬನಿಗೇ, ನಾನು ಎಡಗೈ ಚಾಚಿದೆ, ಪಕ್ಕದಾಕೆ ನನ್ನನ್ನ ನೋಡಿ ಚಾಚಿದ್ರು, ಅವರನ್ನ ನೋಡಿ ಮಿಕ್ಕೋರು, ಇಡೀ ಚೌಕ ತಿರುಗ್ತು. ಕೈ ಕೈ ಹಿಡಿಯೋದಲ್ಲ ಅದು, ಮುಂಗೈ ಒಳಭಾಗ ಮೆತ್ತಗೆ ಹಿಡ್ಕೊಂಡು ಸುತ್ತೋದು, ಆ ಹಿಡಿತ ನನ್ನ ಕೈಗೆ ನೆನಪಿತ್ತು, ತಲೆಗೆ ಇರಲಿಲ್ಲ.

ಕೋವಿಡ್ ಬಂದು ಹಾಲುಗಳೆಲ್ಲ ಮುಚ್ಚಿದಾಗ ಮೇಷ್ಟ್ರು ಜೂಮಲ್ಲಿ ಕೂಗೋಕೆ ಶುರು ಮಾಡಿದ್ರು. ಅವರ ಸಂಜೆ ನಮಗೆ ಬೆಳಗ್ಗೆ. ಬೆಂಗಳೂರಿನ ಮನೆ ಹಾಲಲ್ಲಿ ನಾನು, ನನ್ನ ಹೆಂಡ್ತಿ, ಉಳಿದ ಮೂರು ಜೋಡಿ ಬದಲಿಗೆ ಊಟದ ಟೇಬಲ್ಲಿನ ಆರು ಕುರ್ಚಿ. ಕೆಲಸದಾಕೆ ಬಂದು ನೋಡಿ ವಾಪಸ್ ಹೋಗಿ ಎದುರು ಮನೆಯೋರನ್ನ ಕರ್ಕೊಂಡು ಬಂದ್ಲು. ಹೆಂಡ್ತಿ 'ಕುರ್ಚಿಗಿರೋಷ್ಟು ತಾಳಜ್ಞಾನ ನಿಮಗಿಲ್ಲ' ಅಂತ ಈಗ್ಲೂ ಅಂತಾಳೆ.

ಇನ್ನು ಈಗಿನ ಸ್ಕೂಲ್ ಬಗ್ಗೆ ಒಂದು ಮಾತು, ಹೆಡ್ ಮೇಡಂ ಬೇಜಾರು ಮಾಡ್ಕೋಬಾರ್ದು. ಹೋದ ವರ್ಷ ಸ್ಕೂಲ್ ಡೇಗೆ ಬಂದಿದ್ದೆ. ಮಕ್ಕಳು ಚೆನ್ನಾಗೇ ಕುಣಿದ್ರು, ಬಾಡಿಗೆ ಡ್ರೆಸ್ಸು, ದುಡ್ಡು ಕೊಟ್ಟು ಕರೆಸಿದ ಡ್ಯಾನ್ಸ್ ಮಾಸ್ಟ್ರು, ಎಲ್ಲರದೂ ಒಂದೇ ಥರ ಕೈ ಒಂದೇ ಥರ ಕಾಲು. ಸೆಲೆಕ್ಟ್ ಆಗದ ಮಕ್ಕಳು ಹಿಂದೆ ಕುರ್ಚಿ ಜೋಡಿಸ್ತಿದ್ರು. ಪಿಟಿ ಪೀರಿಯಡ್ ವಾರಕ್ಕೆ ಎಷ್ಟಮ್ಮಾ ಅಂತ ಒಬ್ಬ ಹುಡುಗೀನ ಕೇಳಿದೆ, ಟೈಂ ಟೇಬಲ್ಲಲ್ಲಿ ಇದೆ ಅಂಕಲ್, ಆದ್ರೆ ಮ್ಯಾಥ್ಸ್ ಮಾಡ್ತಾರೆ ಅಂದ್ಲು. ಪರ್ಸೆಂಟೇಜ್ ಬೇಕು, ಒಪ್ತೀನಿ, ನಂದೂ ಫಸ್ಟ್ ಕ್ಲಾಸೇ. ಆದ್ರೆ ಶಾನುಭೋಗರ ಮಗ ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಹೊಡೆದೋನು, ಮುಂದೆ ಎಪಿಎಂಸಿ ಯಾರ್ಡಲ್ಲಿ ಹರಾಜು ಕೂಗೋ ಕೆಲ್ಸಕ್ಕೆ ಸೇರಿ ಇಡೀ ತಾಲೂಕಿಗೆ ದನಿ ಆದ, ನಮ್ಮಲ್ಲಿ ಮೊದಲು ಕಾರ್ ತಗೊಂಡೋನೂ ಅವನೇ.

ಮೇಷ್ಟ್ರ ಮಗಳು ಒಂದು ಪೆಟ್ಟಿಗೆ ಕಳಿಸ್ತೀನಿ ಅಂದಿದಾಳೆ, ಆ ಹಳೇ 45ರ ಪ್ಲೇಟುಗಳು, ಜೊತೆಗೆ ಪಂಡಿತರ ಕೋಲು. ಸ್ಕೂಲಿಗೇ ಕೊಡೋದು ಅಂತ ಮಾತಾಗಿದೆ, ದಯವಿಟ್ಟು ಬೀರುವಲ್ಲಿಟ್ಟು ಬೀಗ ಹಾಕಬೇಡಿ. ಡಿಸೆಂಬರಲ್ಲಿ ಹಳೇ ವಿದ್ಯಾರ್ಥಿಗಳು ಸೇರೋ ದಿನ ಊಟಕ್ಕೆ ಮುಂಚೆ ನನಗೆ ಅರ್ಧ ಗಂಟೆ ಮೈಕು ಬೇಕು, ಮೇಡಂಗೆ ಹೇಳಿದೀನಿ, ಹ್ಞೂಂ ಅಂದಿದಾರೆ. ನಮ್ಮ ಬ್ಯಾಚಿನೋರು ಇದುವರೆಗೆ ಐದು ಜನ ಒಪ್ಪಿದಾರೆ, ಒಬ್ಬನಿಗೆ ಬೈಪಾಸ್ ಆಗಿದೆ, ಅವನಿಗೆ ನಿಧಾನದ ಹಾಡು ಹಾಕೋಣ. ಇನ್ನು ಮೂರು ಜನ ಬೇಕು. ಹೆಣ್ಮಕ್ಕಳು, ಅಂದ್ರೆ ಈಗಿನ ಅಜ್ಜಿಯರು, ಯಾರಾದ್ರೂ ಇದನ್ನ ಓದ್ತಿದ್ರೆ ಸ್ಕೂಲ್ ಆಫೀಸಿಗೆ ಹೆಸರು ಕೊಡಿ, ಕೋಲಿನ ತುದಿ ಹಿಡಿಯೋದಾದ್ರೂ ಸರಿ, ಕೈ ಹಿಡಿಯೋದಾದ್ರೂ ಸರಿ, ಹೆಡ್ ಮಾಸ್ಟ್ರ ಪೆನ್ಷನ್ ಭಯ ಈಗಿಲ್ಲ. ಪ್ಲೇಯರ್ ಹತ್ರ ಮಾತ್ರ ಶಾನುಭೋಗರ ಮಗನನ್ನ ಕೂರಿಸಬೇಡಿ.